ಭೂಗೋಳ ಎಂದರೆ ಬರೀ ಬಾಯಿಪಾಠವಾ?

ಪ್ರಶ್ನೆ: ನನ್ನ ಮಗಳು ಎಂಟನೇ ತರಗತಿ. ಮರುಭೂಮಿ, ನದಿ, ರಾಜಧಾನಿ ಎಲ್ಲವನ್ನೂ ಉರು ಹೊಡೆಯುತ್ತಾಳೆ. ಪರೀಕ್ಷೆ ಮುಗಿದು ಹದಿನೈದು ದಿನ ಕಳೆದರೆ ಒಂದೂ ನೆನಪಿರುವುದಿಲ್ಲ. ಭೂಗೋಳ ಕಲಿಯುವುದಕ್ಕೆ ಬೇರೆ ದಾರಿ ಇಲ್ವಾ?

ಉತ್ತರ: ಇದೆ. ಆದರೆ ಮೊದಲೇ ಒಂದು ಮಾತು. ಹೆಸರುಗಳನ್ನು ಪೂರ್ತಿ ಬಿಟ್ಟುಬಿಡಲು ಆಗುವುದಿಲ್ಲ. ಖಂಡ, ಸಾಗರ, ದೊಡ್ಡ ಪರ್ವತಗಳು ಎಲ್ಲಿವೆ ಎಂದು ಗೊತ್ತಿಲ್ಲದ ಮಗುವಿಗೆ ಮಾರುತಗಳ ಬಗ್ಗೆ ಏನು ಹೇಳಿದರೂ ತಲೆಗೆ ಹತ್ತುವುದಿಲ್ಲ. ತೊಂದರೆ ಇರುವುದು ಹೆಸರು ಕಲಿತು ಅಲ್ಲಿಗೇ ನಿಲ್ಲಿಸುವುದರಲ್ಲಿ. ‘ಎಲ್ಲಿದೆ’ ಎಂದು ಕೇಳಿದ ಕೂಡಲೇ ‘ಅಲ್ಲೇ ಯಾಕಿದೆ’ ಅಂತಲೂ ಕೇಳಬೇಕು. ಕಾರಣ ಎನ್ನುವ ಮೊಳೆ ಹೊಡೆದಿದ್ದರೆ ಹೆಸರನ್ನು ಅದಕ್ಕೆ ನೇತುಹಾಕಬಹುದು.

ಮರುಭೂಮಿಗಳನ್ನೇ ತೆಗೆದುಕೊಳ್ಳಿ. ಪಟ್ಟಿ ಓದಿಸುವ ಬದಲು ಒಂದು ಖಾಲಿ ವಿಶ್ವ ನಕ್ಷೆ ಕೊಡಿ. ಸಹಾರಾ, ಅರೇಬಿಯಾ, ಥಾರ್, ಕಲಹರಿ, ನಮೀಬ್, ಅಟಕಾಮ, ಆಸ್ಟ್ರೇಲಿಯಾದ ಮರುಭೂಮಿಗಳು, ಇಷ್ಟನ್ನೂ ಅಟ್ಲಾಸ್ ನೋಡಿ ಬಣ್ಣ ಹಚ್ಚಲಿ. ಆಮೇಲೆ ಏನೂ ಹೇಳಬೇಡಿ, ಸುಮ್ನೆ ಕೂತುಕೊಳ್ಳಿ. ‘ಇವೆಲ್ಲ ಎರಡು ಸಾಲಿನಲ್ಲಿ ಇವೆಯಲ್ಲ!’ ಎಂದು ಸ್ವಲ್ಪ ಹೊತ್ತಿಗೆ ಅವಳೇ ಹೇಳುತ್ತಾಳೆ. ಹೌದು, ಹೆಚ್ಚುಕಡಿಮೆ ಎಲ್ಲವೂ ಸಮಭಾಜಕ ವೃತ್ತದ ಆಚೆ ಈಚೆ, ಸುಮಾರು 15ರಿಂದ 30 ಡಿಗ್ರಿ ಅಕ್ಷಾಂಶದ ನಡುವೆ ಬರುತ್ತವೆ.

ಈಗ ಕಾರಣ ಹೇಳಿದರೆ ಅದಕ್ಕೆ ಬೆಲೆ. ಸಮಭಾಜಕದ ಹತ್ತಿರ ಗಾಳಿ ಕಾದು ಮೇಲೇರುತ್ತದೆ. ಏರುತ್ತಾ ತಣ್ಣಗಾಗಿ ತನ್ನಲ್ಲಿದ್ದ ನೀರನ್ನೆಲ್ಲ ಅಲ್ಲೇ ಮಳೆಯಾಗಿ ಸುರಿಸುತ್ತದೆ. ಒಣಗಿದ ಆ ಗಾಳಿ ಎತ್ತರದಲ್ಲೇ ಧ್ರುವಗಳ ಕಡೆ ಸಾಗಿ 30 ಡಿಗ್ರಿಯ ಸುತ್ತಮುತ್ತ ಕೆಳಗಿಳಿಯುತ್ತದೆ. ಇಳಿಯುವ ಗಾಳಿ ಬಿಸಿಯಾಗುತ್ತದೆ, ಅದರಲ್ಲಿ ಮೋಡ ಕಟ್ಟುವುದಿಲ್ಲ. ಅಮೆಜಾನಿನ ದಟ್ಟ ಕಾಡು, ಸಹಾರಾದ ಮರಳು ಎರಡಕ್ಕೂ ಹೀಗೆ ಒಂದೇ ಗಾಳಿಯ ಕಥೆ.

ಇಷ್ಟಕ್ಕೆ ಖುಷಿಪಟ್ಟು ಪುಸ್ತಕ ಮುಚ್ಚಬೇಡಿ. ಈ ನಿಯಮಕ್ಕೆ ಬಗ್ಗದ ಜಾಗಗಳನ್ನು ಹುಡುಕಲು ಹೇಳಿ. ನನ್ನ ಪ್ರಕಾರ ಭೂಗೋಳದ ಪಾಠ ನಿಜವಾಗಿ ಶುರುವಾಗುವುದೇ ಇಲ್ಲಿ. ಗೋಬಿ ಮರುಭೂಮಿ 40 ಡಿಗ್ರಿಗಿಂತ ಮೇಲಿದೆ. ಚಳಿಗಾಲದಲ್ಲಿ ಅಲ್ಲಿ ಹಿಮವೂ ಬೀಳುತ್ತದೆ! ಯಾಕೆ ಅಂದರೆ ಅದು ಸಮುದ್ರದಿಂದ ತುಂಬಾ ದೂರ, ದಕ್ಷಿಣಕ್ಕೆ ಹಿಮಾಲಯ ಮತ್ತು ಟಿಬೆಟ್ ಪ್ರಸ್ಥಭೂಮಿ ಬೇರೆ ಅಡ್ಡ ನಿಂತಿವೆ. ದಕ್ಷಿಣ ಅಮೆರಿಕದ ಅಟಕಾಮ ಇನ್ನೂ ವಿಚಿತ್ರ. ಸಮುದ್ರದ ದಡದಲ್ಲೇ ಇದ್ದರೂ ಮಳೆ ಇಲ್ಲ. ದಡದ ಉದ್ದಕ್ಕೂ ಸಮುದ್ರದಲ್ಲಿ ಪೆರು ಪ್ರವಾಹ ಎಂಬ ತಣ್ಣೀರಿನ ಹರಿವು ಇದೆ. ಅದರ ಮೇಲಿನ ತಣ್ಣನೆಯ ಗಾಳಿ ಮೇಲೇರುವುದೇ ಇಲ್ಲ, ಹಾಗಾಗಿ ಮಂಜು ಕವಿಯುತ್ತದೆ, ಮಳೆ ಬರುವುದಿಲ್ಲ. ಆಫ್ರಿಕದ ನಮೀಬ್ ಪಕ್ಕ ಬೆಂಗ್ವೇಲಾ ಪ್ರವಾಹದ್ದೂ ಇದೇ ಕೆಲಸ. ಇನ್ನು ಸಹಾರಾದ ಸಾಲಿನಲ್ಲೇ ಇರುವ ಬಾಂಗ್ಲಾದೇಶ ಯಾಕೆ ಅಷ್ಟು ಒದ್ದೆ? ಇದನ್ನು ಅವಳಿಗೇ ಬಿಡಿ. ಮಾನ್ಸೂನ್ ಪಾಠ ತಾನಾಗಿಯೇ ತೆರೆದುಕೊಳ್ಳುತ್ತದೆ.

ಮರೆವಿಗೆ ಮದ್ದು ಬೇಕಲ್ವಾ? ಎರಡನೇ ಸಲ, ಮೂರನೇ ಸಲ ಓದುವುದರಿಂದ ‘ಎಲ್ಲಾ ಗೊತ್ತು’ ಎನ್ನುವ ಭ್ರಮೆ ಬರುತ್ತದೆ, ಅಷ್ಟೇ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ನೋಡಿದರೆ, ಪುಟ ಮುಚ್ಚಿಟ್ಟು ನೆನಪಿನಿಂದ ಬರೆದವರು ಅವರನ್ನು ಹಿಂದೆ ಹಾಕಿದ್ದರು. ಭೂಗೋಳಕ್ಕೆ ಇದನ್ನು ಹೊಂದಿಸುವುದು ಸುಲಭ. ಅಟ್ಲಾಸ್ ಮುಚ್ಚಿ, ಖಾಲಿ ಹಾಳೆಯಲ್ಲಿ ನಕ್ಷೆ ಬಿಡಿಸಲಿ. ಆಫ್ರಿಕ ಸೊಟ್ಟಗಾದರೂ ಪರವಾಗಿಲ್ಲ. ಮುಗಿದ ಮೇಲೆ ಅಟ್ಲಾಸ್ ತೆಗೆದು, ಬಿಟ್ಟಿದ್ದನ್ನು, ತಪ್ಪಿದ್ದನ್ನು ಕೆಂಪು ಪೆನ್ನಿನಲ್ಲಿ ಅವಳೇ ತಿದ್ದಲಿ. ಎರಡು ದಿನ ಬಿಟ್ಟು ಇನ್ನೊಮ್ಮೆ, ವಾರ ಬಿಟ್ಟು ಮತ್ತೊಮ್ಮೆ. ಕೆಂಪು ಗುರುತು ಕಡಿಮೆಯಾಗುವುದು ಅವಳ ಕಣ್ಣಿಗೇ ಕಾಣುತ್ತದೆ.

ಕೆಲವು ಪಾಠಗಳಿಗೆ ಮಾತು ಸಾಲದು, ಕೈ ಬೇಕು. ಸಮೋನ್ನತ ರೇಖೆಗಳು, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸಿ ನಕ್ಷೆಯಲ್ಲಿ ಎಳೆಯುವ ಗೆರೆಗಳು, ಬಹಳ ಮಕ್ಕಳಿಗೆ ಸುಮ್ಮನೆ ಗೀಚಿದ ಸುತ್ತುಗಳಂತೆ ಕಾಣುತ್ತವೆ. ಮುಷ್ಟಿ ಕಟ್ಟಿ ಮೇಜಿನ ಮೇಲೆ ಇಡಲು ಹೇಳಿ. ಬೆರಳ ಗೆಣ್ಣುಗಳೇ ಶಿಖರಗಳು. ಪ್ರತಿ ಗೆಣ್ಣಿನ ತುದಿಗೆ ಪೆನ್ನಿನಿಂದ ಪುಟ್ಟ ಸುತ್ತು ಹಾಕಲಿ. ಸ್ವಲ್ಪ ಕೆಳಗೆ, ಒಂದೇ ಎತ್ತರ ಕಾಯ್ದುಕೊಂಡು, ಇನ್ನೊಂದು ಸುತ್ತು. ಇನ್ನೂ ಕೆಳಗೆ ಬಂದಾಗ ನಾಲ್ಕೂ ಗೆಣ್ಣುಗಳನ್ನು ಒಂದೇ ಗೆರೆ ಬಳಸಿ ಬರುತ್ತದೆ. ಈಗ ಮುಷ್ಟಿಯನ್ನು ನೇರ ಮೇಲಿನಿಂದ ನೋಡಲಿ. ಇಳಿಜಾರು ಕಡಿದಾಗಿರುವ ಕಡೆ ಗೆರೆಗಳು ಒತ್ತೊತ್ತಾಗಿ, ಇಳಿಜಾರು ನಿಧಾನವಾಗಿರುವ ಕಡೆ ದೂರದೂರ ಕಾಣುತ್ತವೆ. ಕೈ ಬಿಚ್ಚಿ ಚಪ್ಪಟೆ ಮಾಡಿದರೆ ಬೆಟ್ಟ ಹೋಗಿ ನಕ್ಷೆ ಉಳಿಯುತ್ತದೆ.

ಹಾಗೆಯೇ, ಪಾಠ ಶುರು ಮಾಡುವ ಮೊದಲು ಮಗುವಿನ ತಲೆಯಲ್ಲಿ ಏನಿದೆ ಎಂದು ಕೇಳಿ ನೋಡಿ. ‘ಬೇಸಿಗೆ ಯಾಕೆ ಬರುತ್ತದೆ?’ ಅಂದರೆ ದೊಡ್ಡವರೂ ‘ಭೂಮಿ ಸೂರ್ಯನ ಹತ್ತಿರ ಹೋಗುತ್ತದೆ’ ಎನ್ನುತ್ತಾರೆ. ವಾಸ್ತವದಲ್ಲಿ ಭೂಮಿ ಸೂರ್ಯನಿಗೆ ತೀರಾ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರ್. ಜುಲೈನಲ್ಲಿ 15.2 ಕೋಟಿ. ಜನವರಿಯಲ್ಲಿ ಉತ್ತರಾರ್ಧಗೋಳಕ್ಕೆ ಚಳಿಗಾಲ! ತಪ್ಪು ನಂಬಿಕೆಯನ್ನು ಹೊರಗೆ ತೆಗೆಯದೆ ಭೂಮಿಯ ಅಕ್ಷದ 23.5 ಡಿಗ್ರಿ ವಾಲಿಕೆಯ ಪಾಠ ಮಾಡಿದರೆ ಎರಡೂ ತಲೆಯಲ್ಲಿ ಒಟ್ಟಿಗೇ ಉಳಿದುಬಿಡುತ್ತವೆ. ಈ ಅಂಕಿಗಳನ್ನು ಮುಂದಿಟ್ಟು ಮಗುವನ್ನು ಸ್ವಲ್ಪ ಗೊಂದಲಕ್ಕೆ ಬೀಳಿಸಿ. ಆಮೇಲೆ ಟಾರ್ಚ್ ತೆಗೆದುಕೊಂಡು ಹಾಳೆಯ ಮೇಲೆ ಒಮ್ಮೆ ನೇರವಾಗಿ, ಒಮ್ಮೆ ಓರೆಯಾಗಿ ಬೆಳಕು ಬಿಡಿ. ಓರೆ ಬೆಳಕು ಜಾಸ್ತಿ ಜಾಗಕ್ಕೆ ಹರಡಿ ಮಂಕಾಗುತ್ತದೆ. ಭೂಮಿ ವಾಲಿರುವುದರಿಂದ ಚಳಿಗಾಲದ ಬಿಸಿಲು ಹೀಗೆಯೇ ಓರೆಯಾಗಿ ಬೀಳುತ್ತದೆ.

ನಕ್ಷೆಯನ್ನೂ ಕಣ್ಣು ಮುಚ್ಚಿ ನಂಬಬಾರದು ಎಂದು ಬೇಗನೇ ಕಲಿಸಿ. ಮರ್ಕೇಟರ್ ಎಂಬ ನಕ್ಷೆಗಾರ 1569ರಲ್ಲಿ ರೂಪಿಸಿದ ವಿಧಾನದಲ್ಲಿ ಬರೆದ ವಿಶ್ವ ನಕ್ಷೆಗಳಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜಕ್ಕೂ ಆಫ್ರಿಕ ಅದರ 14 ಪಟ್ಟು. ಗ್ಲೋಬ್ ಇದ್ದರೆ ಅದರ ಮೇಲೆ ನ್ಯೂಯಾರ್ಕ್‌ನಿಂದ ಟೋಕಿಯೊಗೆ ದಾರ ಎಳೆದು ನೋಡಲಿ, ದಾರ ಅಲಾಸ್ಕಾ ಕಡೆಗೆ ಹೋಗುತ್ತದೆ.

ಫೋನ್, ಕಂಪ್ಯೂಟರ್ ಬೇಡವೇ ಎಂದು ನೀವು ಕೇಳಬಹುದು. ಬೇಕು, ಆದರೆ ಬರೀ ನೋಡುವುದಕ್ಕೆ ಬೇಡ. ಗೂಗಲ್ ಅರ್ಥ್‌ನಲ್ಲಿ 1984ರಿಂದ ಈಚಿನ ಉಪಗ್ರಹ ಚಿತ್ರಗಳನ್ನು ವರ್ಷದಿಂದ ವರ್ಷಕ್ಕೆ ಓಡಿಸಿ ನೋಡುವ ಸೌಲಭ್ಯವಿದೆ. ಮಧ್ಯ ಏಷ್ಯಾದ ಅರಲ್ ಸಮುದ್ರವನ್ನು ಆರಿಸಿ, ಮೊದಲ ಚಿತ್ರದಲ್ಲೇ ನಿಲ್ಲಿಸಿ. ಇದು ಒಂದು ಕಾಲದಲ್ಲಿ ಜಗತ್ತಿನ ನಾಲ್ಕನೇ ದೊಡ್ಡ ಸರೋವರ, ಇದಕ್ಕೆ ನೀರು ತರುವ ಅಮು ದರ್ಯಾ ಮತ್ತು ಸಿರ್ ದರ್ಯಾ ನದಿಗಳನ್ನು 1960ರ ದಶಕದಿಂದ ಹತ್ತಿ ಹೊಲಗಳಿಗೆ ತಿರುಗಿಸುತ್ತಾ ಬಂದರು ಎಂದಷ್ಟೇ ಹೇಳಿ. ಇಂದಿನ ದಡ ಎಲ್ಲಿರಬಹುದು ಎಂದು ಅವಳು ಊಹಿಸಿ ಹಾಳೆಯ ಮೇಲೆ ಗೆರೆ ಎಳೆಯಲಿ. ಅದಾದ ಮೇಲೆ ಚಿತ್ರ ಓಡಿಸಿ.