ಉಣ್ಣೆಯ ಹದ, ಎಲೆಯ ಹದ

ನನ್ನ ಮದುವೆಗೆ ಹೊಲಿಸಿದ್ದ ಕೋಟು ಎರಡನೇ ಸಲ ಡ್ರೈಕ್ಲೀನಿಂಗಿಗೆ ಹೋಗಿ ಬಂದಾಗ ಎದೆಯ ಮೇಲೆ ಗುಳ್ಳೆ ಗುಳ್ಳೆ ಎದ್ದಿತ್ತು. ಇಸ್ತ್ರಿ ಮಾಡಿದರೂ ಕೂರಲಿಲ್ಲ. ಮೇಲಿನ ಬಟ್ಟೆ ಚೆನ್ನಾಗಿಯೇ ಇತ್ತು, ಕೈಕೊಟ್ಟದ್ದು ಒಳಗಿನ ಪದರ. ಕೋಟಿನ ಎದೆ ನೆಟ್ಟಗೆ ನಿಲ್ಲಲಿ ಅಂತ ಬಟ್ಟೆಯ ಹಿಂದೆ ಒಂದು ಪದರ ಕೊಡುತ್ತಾರೆ. ಕಡಿಮೆ ಬೆಲೆಯ ಕೋಟುಗಳಲ್ಲಿ ಅದನ್ನು ಬಿಸಿ ಒತ್ತಿ ಅಂಟಿಸಿರುತ್ತಾರೆ. ಅಂಟು ಬಿಟ್ಟ ಕಡೆ ಬಟ್ಟೆ ಉಬ್ಬುತ್ತದೆ. ಅವತ್ತಿನಿಂದ ಯಾವ ಕೋಟು ಕಂಡರೂ ಮೊದಲು ಒಳಗೇನಿದೆ ಅಂತ ನೋಡುತ್ತೇನೆ.

ನೋಡುವುದು ಸುಲಭ. ಕೆಳಗಿನ ಕಾಜಾ ಹತ್ತಿರ ಹೊರಬಟ್ಟೆಯನ್ನು ಒಂದು ಕೈಯಲ್ಲಿ, ಒಳಗಿನ ಲೈನಿಂಗನ್ನು ಇನ್ನೊಂದು ಕೈಯಲ್ಲಿ ಚಿವುಟಿ ಹಿಡಿದು ಮೆಲ್ಲಗೆ ಎಳೆಯಿರಿ. ನಡುವೆ ಮೂರನೆಯದೊಂದು ಪದರ ಬಿಡಿಯಾಗಿ ಜಾರಿದರೆ, ಅದು ಹೊಲಿದು ಕೂರಿಸಿದ ಕ್ಯಾನ್ವಾಸ್. ಅದರಲ್ಲಿ ಕುದುರೆಯ ಬಾಲದ ಕೂದಲನ್ನೂ ಸೇರಿಸಿ ನೇಯ್ದಿರುತ್ತಾರೆ. ಬಾಗಿಸಿ ಬಿಟ್ಟರೆ ಸ್ಪ್ರಿಂಗಿನಂತೆ ಮೊದಲಿನ ಆಕಾರಕ್ಕೆ ಬರುವುದು ಆ ಕೂದಲಿನ ಗುಣ.

ಈ ಕೆಲಸಕ್ಕೆ ಹೆಸರಾದ ಬೀದಿ ಲಂಡನ್ನಿನ ಸ್ಯಾವಿಲ್ ರೋ. 1846ರಿಂದ ಹೆನ್ರಿ ಪೂಲ್ ಅಂಗಡಿಯ ಹೆಸರು ಆ ಬೀದಿಗೆ ಅಂಟಿಕೊಂಡಿದೆ. ಅಲ್ಲಿ ಒಂದು ಸೂಟಿಗೆ ಕಮ್ಮಿ ಎಂದರೆ 50 ಗಂಟೆ ಕೈಕೆಲಸ ಹಿಡಿಯುತ್ತದೆ. ಕಾಲರಿನಿಂದ ಎದೆಗೆ ಮಡಚಿ ಬೀಳುವ ಲೇಪಲ್ ಇದೆಯಲ್ಲ, ಅದನ್ನು ಟೈಲರ್ ಬೆರಳ ಮೇಲೆ ಬಾಗಿಸಿ ಹಿಡಿದು, ಬಟ್ಟೆಗೂ ಕ್ಯಾನ್ವಾಸಿಗೂ ನೂರಾರು ಓರೆ ಹೊಲಿಗೆ ಹಾಕುತ್ತಾನೆ. ಬಾಗಿದ್ದಾಗಲೇ ಹೊಲಿದದ್ದರಿಂದ ಅದಕ್ಕೆ ಬಾಗೇ ಸಹಜ ಆಗುತ್ತದೆ. ಇಸ್ತ್ರಿ ಒತ್ತಿ ಮಾಡಿದ ಮಡಿಕೆ ಚೂಪಾಗಿ, ಸತ್ತಂತೆ ಕಾಣುತ್ತದೆ. ಹೀಗೆ ಹೊಲಿದ ಲೇಪಲ್ ಬಾಳೆಯ ಸುಳಿಯಂತೆ ದುಂಡಗೆ ಬಿಚ್ಚಿಕೊಳ್ಳುತ್ತದೆ.

ಇನ್ನು ಇಸ್ತ್ರಿಯ ಕೆಲಸ. ಬಟ್ಟೆ ಚಪ್ಪಟೆ, ಮೈ ಗುಂಡಗೆ. ಚಪ್ಪಟೆ ಬಟ್ಟೆ ಹೆಗಲ ಉಬ್ಬಿಗೆ ಹೊಂದಬೇಕಾದರೆ ಒಂದು ಕಡೆ ಹಿಗ್ಗಬೇಕು, ಇನ್ನೊಂದು ಕಡೆ ಕುಗ್ಗಬೇಕು. ಉಣ್ಣೆ ಇದಕ್ಕೆ ಒಪ್ಪುತ್ತದೆ. ನಮ್ಮ ತಲೆಗೂದಲಿನಂತೆ ಅದೂ ಕೆರಾಟಿನ್ ಎಂಬ ಪ್ರೋಟೀನು. ಒದ್ದೆ ತಲೆಗೆ ಜಡೆ ಹಾಕಿ ಮಲಗಿದರೆ ಬೆಳಗ್ಗೆ ಕೂದಲು ಅಲೆ ಅಲೆಯಾಗಿರುತ್ತದೆ, ಅಲ್ವಾ? ಪ್ರೋಟೀನಿನ ಸರಪಳಿಗಳನ್ನು ಹಿಡಿದಿಟ್ಟಿರುವ ಹೈಡ್ರೋಜನ್ ಬಂಧಗಳನ್ನು ನೀರು ಸಡಿಲ ಮಾಡುತ್ತದೆ. ಒಣಗುವಾಗ ಹೊಸ ಜಾಗದಲ್ಲಿ ಹೊಸ ಬಂಧ ಕೂರುತ್ತದೆ. ಟೈಲರ್ ಕೈಯ ಹಬೆ ಮಾಡುವುದೂ ಇದನ್ನೇ. ತೇವ ಕೊಟ್ಟು, ಎಳೆದು, ಬಿಸಿ ಒತ್ತಿ, ಆರುವ ತನಕ ಸುಮ್ನೆ ಬಿಡಬೇಕು. ಈ ಆರಲು ಬಿಡುವ ಹೊತ್ತೇ ಮುಖ್ಯ ಅಂತ ನನಗನ್ನಿಸುತ್ತದೆ.

ಕಂಬಳಿಯೂ ಉಣ್ಣೆಯೇ, ಆದರೆ ಚುಚ್ಚುತ್ತದೆ. ವ್ಯತ್ಯಾಸ ಎಳೆಯ ದಪ್ಪದಲ್ಲಿ. ಸೂಟಿನ ಬಟ್ಟೆಯ ಮೇಲೆ ‘ಸೂಪರ್ 100’ ಅಂತ ಇದ್ದರೆ ಎಳೆಯ ಸರಾಸರಿ ದಪ್ಪ 18.75 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಮೀರಬಾರದು, ‘ಸೂಪರ್ 150’ ಆದರೆ 16.25. ಸಂಖ್ಯೆ ಜಾಸ್ತಿಯಾದಷ್ಟೂ ಮೃದು, ಆದರೆ ಬೇಗ ಸವೆಯುತ್ತದೆ. ದಿನಾ ಹಾಕುವವರಿಗೆ ನೂರರ ಆಸುಪಾಸು ಸಾಕು.

ತೇವ, ಬಿಸಿ, ಕಾಯುವಿಕೆ. ಈ ಮೂರನ್ನೂ ನಾನು ಮತ್ತೆ ಕಂಡದ್ದು ಡಾರ್ಜಿಲಿಂಗ್ ಚಹಾದಲ್ಲಿ. ಕಿತ್ತ ಎಲೆಯನ್ನು ಮೊದಲು ಗಂಟೆಗಟ್ಟಲೆ ಬಾಡಿಸುತ್ತಾರೆ. ಗರಿಗರಿ ಎಲೆ ಉಜ್ಜಿದರೆ ಮುರಿಯುತ್ತದೆ, ಬಾಡಿದ್ದು ಸುರುಳಿಯಾಗುತ್ತದೆ. ಸುತ್ತುವಾಗ ಎಲೆಯ ಕೋಶಗಳು ಒಡೆದು, ಒಳಗೆ ಬೇರೆ ಬೇರೆ ಕೋಣೆಯಲ್ಲಿದ್ದ ಕ್ಯಾಟೆಚಿನ್ ಎಂಬ ಒಗರು ವಸ್ತು ಮತ್ತು ಕಿಣ್ವ ಒಂದಾಗುತ್ತವೆ. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದೂ ಇಂಥದೇ ಕ್ರಿಯೆಯಿಂದ. ತೋಟದವರು ಇದನ್ನು ಫರ್ಮೆಂಟೇಶನ್ ಅಂದರೂ, ದೋಸೆ ಹಿಟ್ಟಿನಂತೆ ಇಲ್ಲಿ ಹುಳಿ ಬರಿಸುವ ಜೀವಿಗಳ ಕೆಲಸವಲ್ಲ. ಗಾಳಿಯ ಆಮ್ಲಜನಕದ ಕೆಲಸ. ಹದ ಬಂದಾಗ ಬಿಸಿಗಾಳಿ ಕೊಟ್ಟು ಕಿಣ್ವವನ್ನು ನಿಲ್ಲಿಸುತ್ತಾರೆ. ನಾವು ಹಾಲು ಹಾಕಿ ಕುದಿಸುವ ಸಿಟಿಸಿ ಪುಡಿಯಲ್ಲಿ ಹಲ್ಲಿನ ರೋಲರುಗಳು ಎಲೆಯನ್ನು ಜಜ್ಜಿಬಿಡುತ್ತವೆ. ಅದರಿಂದ ಬಣ್ಣ, ಕಡಕ್ ರುಚಿ ಬೇಗ ಬರುತ್ತವೆ. ಹಾಲಿಗೆ ಅದೇ ಸರಿ.

ಮೇ-ಜೂನಿನ ಎರಡನೇ ಚಿಗುರಿನ ಡಾರ್ಜಿಲಿಂಗಿಗೆ ದ್ರಾಕ್ಷಿಯಂಥ ಪರಿಮಳ ಬರುತ್ತದೆ. ಅದರ ಹಿಂದೆ ಒಂದು ಪುಟ್ಟ ಹಸಿರು ಜಿಗಿಹುಳುವಿನ ಕೈವಾಡವೂ ಇದೆ. ಅದು ಎಳೆಯ ಎಲೆಯ ರಸ ಹೀರುತ್ತದೆ. ಪೆಟ್ಟು ತಿಂದ ಗಿಡ ಎಲೆಯಲ್ಲಿ ಪರಿಮಳದ ವಸ್ತುಗಳನ್ನು ಹೆಚ್ಚಿಸುತ್ತದೆ. ತೈವಾನಿನ ಓರಿಯಂಟಲ್ ಬ್ಯೂಟಿ ಎಂಬ ಚಹಾ ಇಂಥದೇ ಹುಳುವನ್ನು ನಂಬಿಕೊಂಡಿದೆ. ಹುಳು ಮುಟ್ಟದಿದ್ದರೆ ಆ ಪರಿಮಳ ಇಲ್ಲ, ಹಾಗಾಗಿ ಅಲ್ಲಿ ಕೀಟನಾಶಕ ಹೊಡೆಯುವಂತಿಲ್ಲ. ಹುಳು ಕಚ್ಚಿದ ಎಲೆಗೆ ಜಾಸ್ತಿ ಬೆಲೆ ಅಂತ ಮೊದಲ ಸಲ ತಿಳಿದಾಗ ನನಗೆ ತುಂಬಾ ಖುಷಿಯಾಗಿತ್ತು.

ಇಂಥ ಚಹಾವನ್ನು ಗಾಜಿನ ಲೋಟದಲ್ಲಿ ಮಾಡಿ. ಕುದಿದ ನೀರನ್ನು ಅರೆನಿಮಿಷ ಆರಲು ಬಿಟ್ಟು ಹಾಕಿದರೆ, ಸುರುಳಿಯಾಗಿದ್ದ ಎಲೆ ಒಂದೊಂದೇ ಬಿಚ್ಚಿಕೊಂಡು ಕೆಳಗಿಳಿಯುತ್ತದೆ. ಮೂರು ನಿಮಿಷಕ್ಕೆ ಸೋಸಿಬಿಡಿ. ಬಿಟ್ಟಷ್ಟೂ ಒಗರು ಇಳಿಯುತ್ತದೆ. ಅಡಿಕೆ ಅಗಿದಾಗ ನಾಲಿಗೆ ಒಣಗಿದಂತಾಗುತ್ತದಲ್ಲ, ಹಾಗೆ. ಒಗರಿನ ಪಾಲಿಫಿನಾಲುಗಳು ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಅದರ ಜಾರುವ ಗುಣ ಕಳೆಯುತ್ತವೆ. ಹಾಲು ಹಾಕಿದರೆ ಹಾಲಿನ ಪ್ರೋಟೀನಿಗೇ ಅಂಟಿಕೊಳ್ಳುವುದರಿಂದ ಒಗರು ತಗ್ಗುತ್ತದೆ.

ಉಣ್ಣೆಯೂ ಪ್ರೋಟೀನೇ. ಚಹಾ ಅದಕ್ಕೂ ಅಷ್ಟೇ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಉಣ್ಣೆಗೆ ಬಣ್ಣ ಹಾಕಲು ಚಹಾ ಬಳಸುವವರೂ ಇದ್ದಾರೆ. ಆದ್ದರಿಂದ ಕೋಟಿನ ತೋಳಿಗೆ ಚಹಾ ಚೆಲ್ಲಿದರೆ ತಡಮಾಡಬೇಡಿ. ಬಿಳಿ ಹತ್ತಿ ಬಟ್ಟೆಯನ್ನು ತಣ್ಣೀರಲ್ಲಿ ಅದ್ದಿ ಹಿಂಡಿ ಒತ್ತಿ, ಎತ್ತಿ, ಮತ್ತೆ ಒತ್ತಿ. ಉಜ್ಜಬೇಡಿ, ಉಣ್ಣೆಯ ಎಳೆಯ ಮೇಲಿನ ಸಣ್ಣ ಹುರುಪೆಗಳು ಒಂದಕ್ಕೊಂದು ಸಿಕ್ಕಿ ಗಂಟಾಗುತ್ತವೆ. ಬಟ್ಟೆ ಸೋಪೂ ಬೇಡ, ಅದರ ಕ್ಷಾರಕ್ಕೆ ಚಹಾದ ಬಣ್ಣ ಇನ್ನೂ ಗಾಢವಾಗುತ್ತದೆ. ಆಮೇಲೆ ದಪ್ಪ ಹ್ಯಾಂಗರಿಗೆ ಹಾಕಿ, ನೆರಳಲ್ಲಿ ಆರಲು ಬಿಡಿ.