‘ಬೇಕಾಗಿಲ್ಲ’ ಬೇರೆ, ‘ಮಸ್ಟ್ ನಾಟ್’ ಬೇರೆ

ತಿದ್ದಿಕೊಡಿ ಎಂದು ನನ್ನ ಹತ್ತಿರ ಬಂದ ಒಂದು ಚೀಟಿಯಲ್ಲಿ ಮತ್ತೆ ಅದೇ ತಪ್ಪು. ರಕ್ತಪರೀಕ್ಷೆಗೆ ಬರುವವರ ಕೈಗೆ ಕೊಡುವ ಮಾಹಿತಿ ಚೀಟಿ ಅದು. ‘ಪೇಷೆಂಟ್ಸ್ ಮಸ್ಟ್ ನಾಟ್ ಫಾಸ್ಟ್ ಬಿಫೋರ್ ದಿಸ್ ಟೆಸ್ಟ್’ ಎಂದಿತ್ತು. ಬರೆದವರು ಹೇಳಲು ಹೊರಟದ್ದು, ಈ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬರಬೇಕಾಗಿಲ್ಲ ಅಂತ. ಚೀಟಿ ಹೇಳುತ್ತಿದ್ದದ್ದು, ಖಾಲಿ ಹೊಟ್ಟೆಯಲ್ಲಿ ಬರಲೇಬಾರದು ಅಂತ. ಅಷ್ಟರಲ್ಲಿ ಒಂದು ಸುತ್ತು ಅಚ್ಚಾಗಿ ಹಂಚಿಯೂ ಆಗಿತ್ತು. ಬೆಳಿಗ್ಗೆಯಿಂದ ಏನೂ ತಿನ್ನದೆ ಬಂದಿದ್ದ ಹಿರಿಯರೊಬ್ಬರು ಅದನ್ನು ಓದಿ, ತಾನೇನೋ ತಪ್ಪು ಮಾಡಿದೆ ಎಂದು ಗಾಬರಿಯಾಗಿ, ಯಾರನ್ನೂ ಕೇಳದೆ ಎದ್ದು ಹೋಗಿಬಿಟ್ಟರಂತೆ.

ಇಂಗ್ಲಿಷ್ ಕಲಿಸುವುದು, ಇನ್ನೊಬ್ಬರು ಬರೆದದ್ದನ್ನು ತಿದ್ದುವುದು, ಇವೆರಡೂ ನನ್ನ ಕೆಲಸ. ಸ್ಪೆಲ್ಲಿಂಗ್ ತಪ್ಪಿದರೆ ನನಗೆ ಅಷ್ಟು ಬೇಸರವಿಲ್ಲ, ಓದುವವರು ಸರಿಮಾಡಿಕೊಂಡು ಓದುತ್ತಾರೆ. ಈ ತಪ್ಪು ಹಾಗಲ್ಲ. ವಾಕ್ಯ ನೋಡಲು ಚೆನ್ನಾಗಿಯೇ ಇರುತ್ತದೆ. ವ್ಯಾಕರಣದಲ್ಲಿ ಲೋಪವಿಲ್ಲ, ಕಂಪ್ಯೂಟರ್ ಕೆಂಪು ಗೆರೆ ಎಳೆಯುವುದಿಲ್ಲ. ಅರ್ಥ ಮಾತ್ರ ತಲೆಕೆಳಗಾಗಿರುತ್ತದೆ, ಬರೆದವರಿಗೆ ಅದು ಗೊತ್ತೇ ಆಗುವುದಿಲ್ಲ.

ನನಗೆ ಸಂಕಟವಾಗುವುದು ಯಾಕೆಂದರೆ, ಈ ವ್ಯತ್ಯಾಸವನ್ನು ಕನ್ನಡದವರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾದ್ದಿಲ್ಲ. ‘ನೀನು ಹೋಗಬೇಕಾಗಿಲ್ಲ’ ಎಂದರೇನು, ‘ನೀನು ಹೋಗಬಾರದು’ ಎಂದರೇನು, ಮಾತು ಬಂದ ಮಕ್ಕಳಿಗೂ ಗೊತ್ತು. ಎರಡಕ್ಕೂ ನಮ್ಮಲ್ಲಿ ಬೇರೆ ಬೇರೆ ರೂಪಗಳೇ ಇವೆ. ಆದರೂ ಇಂಗ್ಲಿಷಿಗೆ ಹೋದ ಕೂಡಲೇ ಎರಡೂ ಒಂದಾಗಿಬಿಡುತ್ತವೆ.

ಹೀಗಾಗುವುದು ಒಂದು ಲೆಕ್ಕದಿಂದ. ಮಸ್ಟ್ ಅಂದರೆ ಬೇಕು, ನಾಟ್ ಅಂದರೆ ಇಲ್ಲ, ಕೂಡಿಸಿದರೆ ಬೇಕಾಗಿಲ್ಲ. ಸರಿಯಾಗಿಯೇ ಕಾಣುತ್ತದೆ, ಅಲ್ವಾ? ಆದರೆ ಈ ‘ಇಲ್ಲ’ ಯಾವುದನ್ನು ಇಲ್ಲವಾಗಿಸುತ್ತಿದೆ ಎಂದು ಕೇಳಿಕೊಳ್ಳಬೇಕು. ‘ಹೋಗಬೇಕಾಗಿಲ್ಲ’ದಲ್ಲಿ ಅದು ಕೊನೆಗೆ ಬಂದು ‘ಬೇಕು’ ಎಂಬುದನ್ನೇ ಅಳಿಸುತ್ತದೆ. ಒತ್ತಾಯವೇ ಇಲ್ಲ, ಹೋದರೂ ಸರಿ, ಬಿಟ್ಟರೂ ಸರಿ. ‘ಯು ಮಸ್ಟ್ ನಾಟ್ ಗೋ’ದಲ್ಲಿ ನಾಟ್ ಎನ್ನುವುದು ಮಸ್ಟನ್ನು ಮುಟ್ಟುವುದೇ ಇಲ್ಲ, ಮುಂದಿನ ‘ಗೋ’ಗೆ ಅಂಟಿಕೊಳ್ಳುತ್ತದೆ. ಬಿಡಿಸಿ ಹೇಳಿದರೆ ‘ನೀನು ಹೋಗದೆ ಇರಬೇಕು’. ಬೇಕು ಹಾಗೇ ಉಳಿದಿದೆ ನೋಡಿ, ಒತ್ತಾಯ ಒಂದು ಚೂರೂ ಕಡಿಮೆಯಾಗಿಲ್ಲ, ಹೋಗುವುದರ ಮೇಲಿದ್ದದ್ದು ಹೋಗದಿರುವುದರ ಮೇಲೆ ಬಂದು ಕೂತಿದೆ ಅಷ್ಟೇ. ನಮ್ಮ ‘ಬೇಕಾಗಿಲ್ಲ’ಕ್ಕೆ ಇಂಗ್ಲಿಷಿನಲ್ಲಿ ಇರುವುದು ‘ಡೋಂಟ್ ಹ್ಯಾವ್ ಟು’, ‘ಡೋಂಟ್ ನೀಡ್ ಟು’, ಇಲ್ಲವೇ ‘ನೀಡ್ ನಾಟ್’.

ನಾಟ್ ಎಲ್ಲಿ ಕೂತಿದೆ ಎಂದು ನೋಡಿ ಅರ್ಥ ಹೇಳಬಹುದಾ ಎಂದು ಕೆಲವರು ಕೇಳುತ್ತಾರೆ. ಆಗುವುದಿಲ್ಲ. ‘ನೀಡ್ ನಾಟ್’ನಲ್ಲೂ ನಾಟ್ ಬರುವುದು ನೀಡ್ ಆದ ಮೇಲೆಯೇ, ಆದರೆ ಅಲ್ಲಿ ಅಗತ್ಯವೇ ಅಳಿಸಿಹೋಗುತ್ತದೆ. ಅದಕ್ಕೇ ನಾನು ಸೂತ್ರ ಹೇಳಿಕೊಡುವುದನ್ನು ಬಿಟ್ಟಿದ್ದೇನೆ. ಮಸ್ಟ್ ನಾಟ್ ಎರಡು ಪದ ಎಂಬುದನ್ನು ಮರೆತುಬಿಡಿ, ಅದು ಒಂದೇ ಪದ, ಅದರ ಅರ್ಥ ‘ಬಾರದು’ ಎನ್ನುತ್ತೇನೆ. ಬರೆದಾದ ಮೇಲೆ ವಾಕ್ಯವನ್ನು ಒಮ್ಮೆ ಕನ್ನಡದಲ್ಲಿ ಹೇಳಿಕೊಳ್ಳಿ, ‘ಬಾರದು’ ಹೊಂದಿದರೆ ಬಿಡಿ, ಹೊಂದದಿದ್ದರೆ ಬದಲಿಸಿ.

ಈ ಗೊಂದಲಕ್ಕೆ ಇನ್ನೊಂದು ಕಾರಣ, ಇಲ್ಲ ಎನ್ನದ ವಾಕ್ಯಗಳಲ್ಲಿ ಮಸ್ಟ್ ಮತ್ತು ಹ್ಯಾವ್ ಟು ಹೆಚ್ಚುಕಡಿಮೆ ಒಂದೇ ಕೆಲಸ ಮಾಡುವುದು. ಹೇಳುವವರ ಒತ್ತಾಯಕ್ಕೆ ಮಸ್ಟ್, ಹೊರಗಿನ ನಿಯಮಕ್ಕೆ ಹ್ಯಾವ್ ಟು ಎಂದು ಪಾಠದಲ್ಲಿ ಇರುತ್ತದೆ. ಅದು ಒಂದು ಒಲವು ಅಷ್ಟೇ, ಕಟ್ಟುನಿಟ್ಟಿನ ನಿಯಮ ಎಂದು ನಾನು ಹೇಳಲಾರೆ. ಅದಕ್ಕೆ ತಲೆ ಕೆಡಿಸಿಕೊಂಡವರು ಬಹಳ ಜನ. ನಾಟ್ ಸೇರಿದಾಗ ಇವೆರಡೂ ಪೂರ್ತಿ ಬೇರೆಯಾಗುವ ಕಡೆಗೆ ಮಾತ್ರ ಗಮನ ಕೊಟ್ಟಿರುವುದಿಲ್ಲ.

ಇದು ಕನ್ನಡದವರಿಗೆ ಮಾತ್ರ ಆಗುವ ತೊಂದರೆಯೂ ಅಲ್ಲ. ಜರ್ಮನ್ ಭಾಷೆಯಲ್ಲಿ ‘ಡು ಮುಸ್ಟ್ ನಿಖ್ಟ್’ ಎಂದರೆ ‘ನೀನು ಮಾಡಬೇಕಾಗಿಲ್ಲ’. ಇಂಗ್ಲಿಷಿನ ಹತ್ತಿರದ ಬಂಧು ಅದು, ಪದಗಳೂ ಒಂದೇ ಥರ ಕೇಳಿಸುತ್ತವೆ, ಆದರೂ ಅರ್ಥ ಬೇರೆ. ಹಾಗಾಗಿ ಅಲ್ಲಿಂದ ಇಂಗ್ಲಿಷಿಗೆ ಬಂದವರೂ ಇದೇ ಜಾಗದಲ್ಲಿ ಎಡವುತ್ತಾರೆ. ಈ ಮಸ್ಟ್ ಎನ್ನುವ ಪದದ ಕಥೆಯೂ ವಿಚಿತ್ರ. ಹಳೆಯ ಇಂಗ್ಲಿಷಿನಲ್ಲಿ ಅದರ ಮೂಲ ಪದಕ್ಕೆ ‘ಅನುಮತಿ ಇದೆ, ಮಾಡಬಹುದು’ ಎಂಬ ಅರ್ಥವಿತ್ತು. ಮಸ್ಟ್ ಅದರ ಭೂತಕಾಲದ ರೂಪವಾಗಿತ್ತು. ಒಪ್ಪಿಗೆ ಕೊಡುತ್ತಿದ್ದ ಪದ ಕಾಲ ಕಳೆದ ಹಾಗೆ ಅಪ್ಪಣೆ ಮಾಡುವ ಪದವಾಯಿತು.

ನನ್ನ ತರಗತಿಗೆ ಬರುತ್ತಿದ್ದ ಹುಡುಗಿಯೊಬ್ಬಳು ಒಂದು ದಿನ ಮುಖ ಸಪ್ಪೆ ಮಾಡಿಕೊಂಡು ಬಂದಳು. ಅವಳ ಮೇಲಿನ ಅಧಿಕಾರಿ ಕಾಯಿಲೆಯಿಂದ ಆಗಷ್ಟೇ ಎದ್ದಿದ್ದರು. ಸುಮ್ನೆ ಆಯಾಸ ಯಾಕೆ, ನೀವು ಮೀಟಿಂಗಿಗೆ ಬರಬೇಕಾಗಿಲ್ಲ ಎಂದು ಹೇಳಲು ಹೋಗಿ ‘ಸರ್, ಯು ಮಸ್ಟ್ ನಾಟ್ ಅಟೆಂಡ್ ದ ಮೀಟಿಂಗ್’ ಎಂದು ಮೇಲ್ ಕಳಿಸಿದ್ದಳು. ‘ಹಾಗೆಂದು ತೀರ್ಮಾನ ಮಾಡಿದವರು ಯಾರು?’ ಎಂದು ಒಂದೇ ಸಾಲಿನ ಉತ್ತರ ಬಂದಿತ್ತು. ‘ಮೇಡಂ, ನಾನು ಒಳ್ಳೆಯದಕ್ಕೇ ಹೇಳಿದ್ದು’ ಎಂದಳು. ಒಳ್ಳೆಯದಕ್ಕೇ ಹೇಳಿದ್ದಳು, ನನಗೆ ಅನುಮಾನವಿಲ್ಲ. ಮಸ್ಟ್ ನಾಟ್ ಜಾಗಕ್ಕೆ ‘ಡೋಂಟ್ ಹ್ಯಾವ್ ಟು’ ಹಾಕಿ, ‘ನಿಮಗೆ ಆರಾಮ ಅನಿಸಿದರೆ ಮಾತ್ರ ಬನ್ನಿ’ ಎಂಬ ಇನ್ನೊಂದು ವಾಕ್ಯ ಸೇರಿಸಿ, ಇಬ್ಬರೂ ಕೂತು ಮತ್ತೆ ಬರೆದೆವು. ಅವರು ಅರ್ಥ ಮಾಡಿಕೊಂಡರು.

ಮೇಲ್ ಆದರೆ ತಿದ್ದಿಕೊಳ್ಳಬಹುದು. ನಿಯಮ, ಕರಾರು, ಯಂತ್ರದ ಕೈಪಿಡಿ ಬರೆಯುವವರಿಗೆ ಆ ಅವಕಾಶ ಇರುವುದಿಲ್ಲ. ಇಂಟರ್ನೆಟ್ಟಿನ ತಾಂತ್ರಿಕ ನಿಯಮಗಳನ್ನು ಬರೆಯುವವರು ಈ ಪದಗಳ ಅರ್ಥವನ್ನು ಗೊತ್ತುಮಾಡಲೆಂದೇ 1997ರಲ್ಲಿ ಆರ್‌ಎಫ್‌ಸಿ 2119 ಎಂಬ ದಾಖಲೆ ಹೊರತಂದರು. ಅದರ ಪ್ರಕಾರ ಮಸ್ಟ್ ನಾಟ್ ಅಂದರೆ ಸಂಪೂರ್ಣ ನಿಷೇಧ. ಶುಡ್ ಅಂದರೆ, ತಕ್ಕ ಕಾರಣವಿದ್ದರೆ ಬಿಡಬಹುದು, ಆದರೆ ಪರಿಣಾಮವನ್ನು ಪೂರ್ತಿ ಯೋಚಿಸಿ ಬಿಡಬೇಕು. ಮೇ ಅಂದರೆ ನಿಮ್ಮಿಷ್ಟ. ಶಲ್ ಎಂಬ ಹಳೆಯ ಪದದ ಪಾಡು ಇನ್ನೂ ಕಷ್ಟ. ಒಂದೇ ದಾಖಲೆಯಲ್ಲಿ ಒಂದು ಕಡೆ ಮಸ್ಟ್ ಅರ್ಥದಲ್ಲಿ, ಇನ್ನೊಂದು ಕಡೆ ಮೇ ಅರ್ಥದಲ್ಲಿ ಬಳಸುತ್ತಾರೆ ಎಂಬ ಕಾರಣಕ್ಕೆ ಅಮೆರಿಕದ ಫೆಡರಲ್ ಕೋರ್ಟುಗಳ ಸಿವಿಲ್ ವಿಧಾನದ ನಿಯಮಗಳನ್ನು 2007ರಲ್ಲಿ ತಿರುಗಿ ಬರೆದಾಗ ಶಲ್ ಅನ್ನು ತೆಗೆದುಹಾಕಿದರು. ನಿಮ್ಮ ಕರಾರಿನಲ್ಲಿ ಶಲ್ ಇದ್ದರೆ ನನ್ನ ಮಾತು ಕೇಳಿ ಅಳಿಸಬೇಡಿ, ವಕೀಲರಿಗೆ ತೋರಿಸಿ. ನಾನು ಭಾಷೆಯ ಬಗ್ಗೆ ಮಾತ್ರ ಹೇಳಬಲ್ಲೆ.

ಆ ರಕ್ತಪರೀಕ್ಷೆಯ ಚೀಟಿಗೆ ನಾನು ಬರೆದದ್ದು, ‘ಯು ಡು ನಾಟ್ ನೀಡ್ ಟು ಫಾಸ್ಟ್. ಯು ಕ್ಯಾನ್ ಈಟ್ ಆಸ್ ಯೂಶುಯಲ್’. ಎರಡನೇ ವಾಕ್ಯ ಬೇಕಿತ್ತಾ ಎಂದು ಕೇಳಿದರು. ಬೇಕಿತ್ತು. ಗಾಬರಿಯಲ್ಲಿ ಇರುವವರು ಓದುವ ಕಾಗದದಲ್ಲಿ ‘ಬೇಕಾಗಿಲ್ಲ’ ಎಂದಷ್ಟೇ ಹೇಳಿದರೆ ಸಾಲದು, ಏನು ಮಾಡಬಹುದು ಎಂದೂ ಹೇಳಬೇಕು. ಊಟದ ವಿಷಯ ನನ್ನದಲ್ಲವಾದ್ದರಿಂದ, ಡಾಕ್ಟರು ಓದಿ ಒಪ್ಪಿದ ಮೇಲೇ ಅಚ್ಚಿಗೆ ಕಳಿಸಿ ಎಂದೆ.

ನಡೆದುಹೋದ ವಿಷಯ ಹೇಳುವಾಗಲೂ ಕನ್ನಡವನ್ನೇ ಹಿಡಿದು ನಡೆಯಿರಿ. ಮಸ್ಟ್‌ಗೆ ಈಗ ತನ್ನದೇ ಭೂತಕಾಲ ಇಲ್ಲ. ‘ಹೋಗಬೇಕಾಯಿತು’ ಎನ್ನಲು ‘ಹ್ಯಾಡ್ ಟು ಗೋ’. ‘ಮಸ್ಟ್ ಹ್ಯಾವ್ ಗಾನ್’ ಎಂದರೆ ‘ಹೋಗಿರಬೇಕು’, ಅಂದರೆ ಊಹೆ. ‘ಶುಡ್ ಹ್ಯಾವ್ ಗಾನ್’ ಎಂದರೆ ‘ಹೋಗಬೇಕಿತ್ತು’, ಹೋಗಲಿಲ್ಲ. ಮೂರಕ್ಕೂ ನಮ್ಮಲ್ಲಿ ಜೋಡಿ ಸಿದ್ಧವಾಗಿದೆ. ಕನ್ನಡ ಸ್ವಲ್ಪ ಕೈಕೊಡುವುದು ‘ಬರಬೇಕಾಗಿರಲಿಲ್ಲ’ದಲ್ಲಿ. ಬಂದು ಸುಮ್ನೆ ತೊಂದರೆ ತೆಗೆದುಕೊಂಡವರಿಗೂ ಹಾಗೇ ಹೇಳುತ್ತೇವೆ, ಬರದೇ ಇದ್ದವರಿಗೂ ಹಾಗೇ ಹೇಳುತ್ತೇವೆ. ಇಂಗ್ಲಿಷಿನಲ್ಲಿ ‘ಯು ನೀಡ್ ನಾಟ್ ಹ್ಯಾವ್ ಕಮ್’ ಎಂದರೆ ಅವರು ಬಂದದ್ದು ಖಚಿತ. ‘ಯು ಡಿಡಂಟ್ ನೀಡ್ ಟು ಕಮ್’ ಎಂದರೆ ಬಂದರೋ ಇಲ್ಲವೋ, ಅದನ್ನು ಸಂದರ್ಭ ಹೇಳಬೇಕು.