ಕ್ಷಯರೋಗ: ಸೋಂಕು ಬೇರೆ, ರೋಗ ಬೇರೆ

ಕ್ಷಯಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ರಾಬರ್ಟ್ ಕಾಖ್ ಅವರು 1882ರ ಮಾರ್ಚ್ 24ರಂದು ಜಗತ್ತಿಗೆ ಪ್ರಕಟಪಡಿಸಿದರು ಎಂಬುದು ಎಲ್ಲ ಪಠ್ಯಗಳಲ್ಲೂ ಇದೆ. ಈ ಪಾಠದಲ್ಲಿ ನನ್ನನ್ನು ಬಹಳ ಹೊತ್ತು ತಡೆದು ನಿಲ್ಲಿಸಿದ್ದು ಬೇರೊಂದು ಸಂಗತಿ. ಜಗತ್ತಿನ ಜನಸಂಖ್ಯೆಯ ಸುಮಾರು ನಾಲ್ಕನೇ ಒಂದು ಭಾಗಕ್ಕೆ ಈ ಸೋಂಕು ತಗುಲಿದೆ ಎಂಬ ಅಂದಾಜಿದೆ. ಹಾಗಿದ್ದರೂ ಅವರಲ್ಲಿ ಬಹುತೇಕರು ಕೆಮ್ಮುವುದಿಲ್ಲ, ಸೊರಗುವುದಿಲ್ಲ, ಮತ್ತೊಬ್ಬರಿಗೆ ಹರಡುವುದೂ ಇಲ್ಲ. ಇದರ ಕಾರಣ ತಿಳಿದರೆ ತಡೆಗಟ್ಟುವ ಕ್ರಮಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಸೋಂಕು ರೋಗವಾಗುವ ಬಗೆ

ಉಸಿರಿನೊಂದಿಗೆ ಒಳಬಂದ ಬ್ಯಾಕ್ಟೀರಿಯಾ ಶ್ವಾಸಕೋಶದ ಗಾಳಿಚೀಲಗಳನ್ನು ತಲುಪಿದಾಗ ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶಗಳು ಅದನ್ನು ನುಂಗುತ್ತವೆ. ಬೇರೆ ಸೂಕ್ಷ್ಮಾಣುಗಳಾಗಿದ್ದರೆ ಬಹುಪಾಲು ಅಲ್ಲಿಗೇ ನಾಶವಾಗುತ್ತಿದ್ದವು. ಆದರೆ ಮೇಣದಂಥ ದಪ್ಪ ಹೊದಿಕೆಯುಳ್ಳ ಈ ಬ್ಯಾಕ್ಟೀರಿಯಾ ತನ್ನನ್ನು ನುಂಗಿದ ಕೋಶದೊಳಗೇ ಬದುಕಬಲ್ಲದು. ಆಗ ದೇಹವು ಇನ್ನಷ್ಟು ರಕ್ಷಕ ಕೋಶಗಳನ್ನು ಕಳುಹಿಸಿ, ಗ್ರಾನ್ಯುಲೋಮ ಎಂಬ ಗಂಟನ್ನು ಕಟ್ಟಿ, ಅದನ್ನು ಒಳಗೇ ಬಂಧಿಸಿಡುತ್ತದೆ. ಹೀಗೆ ಬಂಧಿತವಾಗಿ ವರ್ಷಗಟ್ಟಲೆ ಉಳಿಯುವ ಸ್ಥಿತಿಯೇ ಸುಪ್ತ ಸೋಂಕು. ಬ್ಯಾಕ್ಟೀರಿಯಾ ಕಫಕ್ಕೆ ಸೇರದ ಕಾರಣ ಅಂಥವರಿಂದ ಯಾರಿಗೂ ಅಪಾಯವಿಲ್ಲ.

ಸೋಂಕು ತಗುಲಿದವರಲ್ಲಿ ಶೇ 5ರಿಂದ 10ರಷ್ಟು ಜನರಿಗೆ ಮಾತ್ರ ಜೀವಮಾನದಲ್ಲಿ ಎಂದಾದರೂ ರೋಗ ಕಾಣಿಸಿಕೊಳ್ಳುತ್ತದೆ. ಮೊದಲ 2 ವರ್ಷಗಳಲ್ಲಿ ಆ ಸಾಧ್ಯತೆ ಹೆಚ್ಚು. ಎಚ್‌ಐವಿ, ಮಧುಮೇಹ, ಅಪೌಷ್ಟಿಕತೆ ಮತ್ತು ಧೂಮಪಾನ ಆ ಗಂಟಿನ ಬಿಗಿಯನ್ನು ಸಡಿಲಿಸುತ್ತವೆ. ಚರ್ಮಕ್ಕೆ ಚುಚ್ಚಿ 48ರಿಂದ 72 ಗಂಟೆಗಳ ಬಳಿಕ ನೋಡುವ ಮಾಂಟೂ ಪರೀಕ್ಷೆಯು ಸೋಂಕಿನ ಸುಳಿವನ್ನು ಕೊಡುತ್ತದೆಯೇ ಹೊರತು ರೋಗವಿದೆಯೇ ಎಂದು ಹೇಳಲಾರದು. ರೋಗವನ್ನು ಪತ್ತೆಹಚ್ಚಲು ಕಫ ಪರೀಕ್ಷೆ ಮತ್ತು ಎದೆಯ ಎಕ್ಸ್‌-ರೇ ಬೇಕು.

ಯಾವ ಪ್ರಶ್ನೆ ಬಂದರೂ ನಾನು ಮೊದಲು ಕೇಳಿಕೊಳ್ಳುವುದು ಇಷ್ಟೇ: ಬ್ಯಾಕ್ಟೀರಿಯಾ ಗಾಳಿಗೆ ಸೇರುವ ದಾರಿ ಇದೆಯೇ? ಮೂಳೆಯ ಅಥವಾ ದುಗ್ಧರಸ (ಲಿಂಫ್) ಗ್ರಂಥಿಯ ಕ್ಷಯದಲ್ಲಿ ಸಾಮಾನ್ಯವಾಗಿ ಇಲ್ಲ. ಶ್ವಾಸಕೋಶ ಮತ್ತು ಗಂಟಲಿನ ಧ್ವನಿಪೆಟ್ಟಿಗೆಯ ಕ್ಷಯದಲ್ಲಿ ಇದೆ. ತಟ್ಟೆ, ಲೋಟ, ಬಟ್ಟೆ ಅಥವಾ ಹಸ್ತಲಾಘವದಿಂದ ಕ್ಷಯ ಹರಡದಿರುವುದಕ್ಕೂ ಇದೇ ಉತ್ತರ.

ಗಾಳಿಯಲ್ಲಿ ತಡೆಯುವುದು

ರೋಗಿ ಕೆಮ್ಮಿದಾಗ ಹೊರಬೀಳುವ ಹನಿಗಳು ಆರಿ, 1ರಿಂದ 5 ಮೈಕ್ರಾನ್ ಗಾತ್ರದ ಕಣಗಳಾಗಿ ಗಂಟೆಗಟ್ಟಲೆ ತೇಲುತ್ತವೆ. ಕೋಣೆಯ ಗಾಳಿ ಗಂಟೆಗೆ 6 ಬಾರಿ ಬದಲಾದರೆ ಅವುಗಳಲ್ಲಿ ಶೇ 99ರಷ್ಟು ಹೊರಹೋಗಲು ಸುಮಾರು 46 ನಿಮಿಷ ಬೇಕು, 12 ಬಾರಿ ಬದಲಾದರೆ 23 ನಿಮಿಷ ಸಾಕು. ಎದುರುಬದುರಿನ ಕಿಟಕಿಗಳನ್ನು ತೆರೆದಿಡಿ ಎಂಬ ಸಲಹೆಯ ಹಿಂದಿರುವುದು ಈ ಲೆಕ್ಕವೇ. ರೋಗಿ ಧರಿಸುವ ಸಾಧಾರಣ ಮಾಸ್ಕ್ ಹನಿಗಳನ್ನು ಆರುವ ಮೊದಲೇ, ಅವು ಇನ್ನೂ ದೊಡ್ಡದಾಗಿರುವಾಗಲೇ ಹಿಡಿಯುತ್ತದೆ. ಆರೈಕೆ ಮಾಡುವವರ ಉಸಿರಿಗೆ ಬರುವುದು ಆರಿದ ಸಣ್ಣ ಕಣವಾದ್ದರಿಂದ ಅವರಿಗೆ ಎನ್‌95 ಬೇಕಾಗುತ್ತದೆ.

ಹರಡುವಿಕೆಯನ್ನು ಎಲ್ಲಕ್ಕಿಂತ ಬೇಗ ತಗ್ಗಿಸುವುದು ಸರಿಯಾದ ಚಿಕಿತ್ಸೆ. ಔಷಧಕ್ಕೆ ಬಗ್ಗುವ ಕ್ಷಯಕ್ಕೆ ರೂಢಿಯಲ್ಲಿರುವುದು 6 ತಿಂಗಳ ಕ್ರಮ: ಮೊದಲ 2 ತಿಂಗಳು 4 ಔಷಧಗಳು, ನಂತರ ಐಸೋನಿಯಾಜಿಡ್ ಮತ್ತು ರಿಫಾಂಪಿಸಿನ್. ಕೆಲವೇ ವಾರಗಳಲ್ಲಿ ರೋಗಿ ಚೇತರಿಸಿಕೊಳ್ಳುವುದರಿಂದ ಮಾತ್ರೆ ನಿಲ್ಲಿಸುವ ಮನಸ್ಸಾಗುವುದು ಸಹಜ. ಆದರೆ ಉಳಿದುಕೊಂಡ ಬ್ಯಾಕ್ಟೀರಿಯಾ ಮತ್ತೆ ವೃದ್ಧಿಯಾಗಿ ಔಷಧನಿರೋಧಕ ಕ್ಷಯಕ್ಕೆ ದಾರಿಯಾಗಬಹುದು.

1921ರಿಂದ ಬಳಕೆಗೆ ಬಂದ ಬಿಸಿಜಿ ಲಸಿಕೆ ಚಿಕ್ಕ ಮಕ್ಕಳನ್ನು ಮಿದುಳುಪೊರೆಯ ಕ್ಷಯದಂಥ ತೀವ್ರ ರೂಪಗಳಿಂದ ಕಾಪಾಡುತ್ತದೆ. ವಯಸ್ಕರ ಶ್ವಾಸಕೋಶದ ಕ್ಷಯಕ್ಕೆ ಅದನ್ನೇ ನೆಚ್ಚುವಂತಿಲ್ಲ.

ರೋಗಿಯೊಂದಿಗೆ ಒಂದೇ ಮನೆಯಲ್ಲಿರುವವರಿಗೆ, ಮುಖ್ಯವಾಗಿ 5 ವರ್ಷದೊಳಗಿನ ಮಕ್ಕಳಿಗೆ, ಮುಂಜಾಗ್ರತಾ ಚಿಕಿತ್ಸೆ ಕೊಡುವ ಮುನ್ನ ರೋಗವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಸುಪ್ತ ಸೋಂಕಿನಲ್ಲಿ ಬ್ಯಾಕ್ಟೀರಿಯಾ ಬಹಳ ಕಡಿಮೆ ಇರುವುದರಿಂದ ಒಂದೆರಡು ಔಷಧಗಳು ಸಾಕಾಗುತ್ತವೆ. ಸಕ್ರಿಯ ರೋಗದಲ್ಲಿ ಅವು ಅಸಂಖ್ಯವಾಗಿದ್ದು, ಒಂದೇ ಔಷಧ ಕೊಟ್ಟರೆ ಅದಕ್ಕೆ ಮಣಿಯದವು ಉಳಿದು ಬೆಳೆಯುತ್ತವೆ.